ಕುಣಿ ತೋಡುವವನ ಅಳತೆ

"ತೊರೆಹಾಳದ ಪ್ರಜೆಗಳು ಕೇಳಿರಿ. ನಾಳೆ ಅರಮನೆಯ ಅಂಗಳದಲ್ಲಿ ಹತ್ತನೆಯ ಸರ್ವಧರ್ಮ ಸಭೆ. ಈ ಸಲ ಭಾಷಣವಿಲ್ಲ. ಅರಸರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರ ತಲೆ ಸಂಜೆಗೆ ಉರುಳುತ್ತದೆ. ಯಾರೂ ಬಿಡಿಸದಿದ್ದರೆ ಸಂತೆಬೀದಿಯನ್ನು ನೆಲಸಮ ಮಾಡಿ, ಅಲ್ಲಿಯವರನ್ನು ಗಡಿ ದಾಟಿಸಲಾಗುತ್ತದೆ."

ಡಂಗುರದವನು ಕಾರಣ ಹೇಳಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ನಲವತ್ತು ದಿನಗಳ ಹಿಂದೆ ಸಂತೆಬೀದಿಯಲ್ಲಿ ಮೂರು ಮತದವರು ಹೊಡೆದಾಡಿ ಅಂಗಡಿಗಳಿಗೆ ಬೆಂಕಿ ಇಟ್ಟಿದ್ದರು. ಜಗಳ ಬಿಡಿಸಲು ಸಾದಾ ಬಟ್ಟೆಯಲ್ಲಿ ಹೋದ ಯುವರಾಜ ಮರಳಿ ಬಂದಿರಲಿಲ್ಲ.

ಮರುದಿನ ಅಂಗಳ ತುಂಬಿತು. ಒಂಬತ್ತು ವರ್ಷಗಳಿಂದ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಮೂವರೇ ಈ ಸಲವೂ ಅಲ್ಲಿದ್ದರು: ಮಠದ ಚೆನ್ನವೀರ ಸ್ವಾಮಿಗಳು, ಮಸೀದಿಯ ಖಾಸಿಂ ಮೌಲವಿ, ಇಗರ್ಜಿಯ ಪಾದ್ರಿ ಇನಾಸ. ಅರಸ ಕೀರ್ತಿಪಾಲ ಅವರಿಗೆ ಕೈ ಮುಗಿಯಲಿಲ್ಲ.

"ಮೊದಲನೆಯದು. ಒಂದು ಮನೆ ಇದೆ. ಒಬ್ಬ ಕುಳಿತು ಅದನ್ನು ಸೇರುತ್ತಾನೆ, ಒಬ್ಬ ಮಗ್ಗುಲಾಗಿ, ಒಬ್ಬ ಅಂಗಾತವಾಗಿ. ಸೇರಿದ ಮೇಲೆ ಯಾರೂ ಯಾರನ್ನೂ ಹೊರಗೆ ತಳ್ಳಿದ್ದಿಲ್ಲ. ಯಾವ ಮನೆ ಅದು?"

ಸ್ವಾಮಿಗಳು ನಕ್ಕರು. "ಕುಳಿತವನು ಯೋಗಿ. ಅದು ಕೈಲಾಸ. ಮಲಗಿದವರು ಇನ್ನೂ ಮಾಗಬೇಕಾದವರು."

"ಜನ್ನತ್‌ನಲ್ಲಿ ದಿಂಬಿಗೆ ಒರಗಿ ಮಗ್ಗುಲಾಗುವುದೇ ಸುಖ," ಎಂದರು ಮೌಲವಿ. "ನೆಟ್ಟಗೆ ಕೂರುವ ಕಷ್ಟ ಅಲ್ಲಿಲ್ಲ, ಸ್ವಾಮಿಗಳೇ."

"ಆಕಾಶ ನೋಡುತ್ತ ಮಲಗಿದವನಿಗೆ ಪರಲೋಕದ ಬಾಗಿಲು ಮೊದಲು ಕಾಣುತ್ತದೆ," ಎಂದರು ಪಾದ್ರಿ.

"ಮೂವರೂ ಮೇಲೆ ನೋಡಿದಿರಿ," ಎಂದ ಅರಸ. "ಮೂವರದೂ ತಪ್ಪು."

ಕಾವಲಿನವರು ಅವರನ್ನು ಕಂಬದ ಬಳಿ ನಿಲ್ಲಿಸಿದರು. ಹಿಂದಿನ ಸಾಲುಗಳಲ್ಲಿದ್ದ ಪಂಡಿತರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಆಗ ಚಪ್ಪಲಿಯಿಲ್ಲದ ಒಬ್ಬ ಯುವಕ ಮುಂದೆ ಬಂದ. ಅವನ ಉಗುರುಗಳಲ್ಲಿ ಕೆಮ್ಮಣ್ಣಿತ್ತು.

"ಯಾರಯ್ಯ ನೀನು?" ಎಂದ ಮಂತ್ರಿ.

"ಸಣ್ಣೀರ, ಸ್ವಾಮಿ. ಸಂತೆಬೀದಿಯವನು. ಹೆಣಗಳಿಗೆ ಕುಣಿ ತೋಡುತ್ತೇನೆ."

"ನಿನ್ನದನ್ನು ನೀನೇ ತೋಡಿಕೊಳ್ಳಲು ಬಂದೆಯೋ?"

"ನಮ್ಮಜ್ಜಿಗೆ ನಡೆಯಲಾಗುವುದಿಲ್ಲ. ನೀವು ಗಡಿ ದಾಟಿಸುತ್ತೀರಂತೆ. ಅದಕ್ಕೆ ಬಂದೆ." ಅವನು ಅರಸನತ್ತ ತಿರುಗಿದ. "ಆ ಮನೆ ಕುಣಿ, ಮಹಾಪ್ರಭು. ಸ್ವಾಮಿಗಳ ಕಡೆಯವರನ್ನು ಕೂರಿಸುತ್ತಾರೆ, ಅದಕ್ಕೆ ಆಳ ಹೆಚ್ಚು, ಉದ್ದ ಕಡಿಮೆ. ಮೌಲವಿಗಳ ಕಡೆಯವರನ್ನು ಬಲಮಗ್ಗುಲಿಗೆ ಮಲಗಿಸುತ್ತಾರೆ. ಪಾದ್ರಿಗಳ ಕಡೆಯವರು ಅಂಗಾತ, ಅವರಿಗೆ ಪೆಟ್ಟಿಗೆಯ ಅಗಲ ಸೇರಿಸಬೇಕು. ಮೇಲೆ ಮುಚ್ಚುವ ಮಣ್ಣು ಮಾತ್ರ ಎಲ್ಲರಿಗೂ ಒಂದೇ."

ಕಂಬದ ಬಳಿಯ ಮೂವರೂ ನೆಲ ನೋಡಿದರು. ತಮ್ಮವರನ್ನು ನೂರಾರು ಸಲ ಕಳಿಸಿಕೊಟ್ಟ ಮನೆ ಅವರ ನೆನಪಿಗೆ ಬಂದಿರಲಿಲ್ಲ.

"ಸರಿ," ಎಂದ ಅರಸ. ಎರಡನೆಯದನ್ನು ಕೇಳಿದ. "ಬೆಂಕಿ ಆರಿದ ಮೇಲೆ ಬೀದಿಯಲ್ಲಿ ಒಂದು ಹೆಣ ಉಳಿಯಿತು. ನಮ್ಮವನನ್ನು ಕೊಂದರೆಂದು ಮೂರು ಕಡೆಯವರೂ ಅದನ್ನು ತೋರಿಸಿ ಕತ್ತಿ ಹಿರಿದರು. ಮಣ್ಣು ಮಾಡುವ ಹೊತ್ತಿಗೆ ಮೂರು ಕಡೆಯವರೂ ನಮ್ಮವನಲ್ಲ ಎಂದರು. ಆಮೇಲೆ ಹೆಣ ಅಲ್ಲಿರಲಿಲ್ಲ. ಅವನು ಯಾರವನು?"

"ನನ್ನವನು," ಎಂದ ಸಣ್ಣೀರ.

"ನಿನ್ನ ಬಂಧುವೋ?"

"ಅಲ್ಲ. ಮುಖ ಗುರುತು ಸಿಗುವಂತಿರಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ನೊಣ ಮುತ್ತಿಕೊಂಡು ಬಿದ್ದಿದ್ದ. ಕದದ ಹಲಗೆಯ ಮೇಲೆ ಎಳೆದುಕೊಂಡು ಹೋದೆ. ಅಜ್ಜಿ ನೀರು ಕಾಯಿಸಿದಳು, ನಾನು ತೊಳೆದೆ. ಬೆಂಕಿಗೆ ಮೈ ಮುದುಡಿಕೊಂಡಿತ್ತು. ಕೂರಿಸಬೇಕೋ ಮಲಗಿಸಬೇಕೋ ತಿಳಿಯಲಿಲ್ಲ. ನೆಟ್ಟಗೆ ಮಾಡಿದರೆ ಮೂಳೆ ಮುರಿಯುತ್ತಿತ್ತು. ಮುದುಡಿದ ಅಳತೆಗೇ ತೋಡಿದೆ. ಆ ಅಳತೆ ಈ ಮೂವರಲ್ಲಿ ಯಾರ ಪುಸ್ತಕದಲ್ಲೂ ಇರಲಿಕ್ಕಿಲ್ಲ."

"ಮೈಮೇಲೆ ಗುರುತೇನಾದರೂ ಇತ್ತೇ?"

"ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು."

ಅರಸ ಸಿಂಹಾಸನದ ತೋಳನ್ನು ಹಿಡಿದುಕೊಂಡ. ಏಳಲಿಲ್ಲ. "ಅದು ನನ್ನ ಮಗನ ಕಾಲು. ನಿನ್ನ ಉತ್ತರ ಸರಿ," ಎಂದ. ಆಮೇಲೆ ಕೊನೆಯ ಒಗಟನ್ನು ಕೇಳಿದ.

"ಮೂರನೆಯದು. ಒಂಬತ್ತು ವರ್ಷ ಇವರು ಈ ಅಂಗಳದಲ್ಲಿ ಒಬ್ಬರಿಗೊಬ್ಬರು ಹಾರ ಹಾಕಿದರು, ಶಾಲು ಹೊದಿಸಿದರು, ಅಪ್ಪಿಕೊಂಡರು. ಮಾಡದೆ ಬಿಟ್ಟದ್ದು ಒಂದೇ. ಮೂರು ವರ್ಷದ ಮಗು ಅದನ್ನು ದಿನವಿಡೀ ಮಾಡುತ್ತದೆ. ಏನದು?"

"ಪ್ರೀತಿ," ಎಂದರು ಪಾದ್ರಿ ಕಂಬದ ಬಳಿಯಿಂದ.

"ನಿಮ್ಮ ಸರದಿ ಮುಗಿದಿದೆ."

ಸಣ್ಣೀರ ಯೋಚಿಸಿದ. "ಕೇಳುವುದು," ಎಂದ. "ನಾನು ಕುಣಿಯ ಅಂಚಿನಲ್ಲಿ ನಿಂತು ಕೇಳಲೇಬೇಕು. ತಲೆ ಯಾವ ಕಡೆ, ಮುಖ ಯಾವ ಕಡೆ, ಮೊದಲ ಹಿಡಿ ಮಣ್ಣು ಯಾರದು ಎಂದು. ಮೊದಲ ವರ್ಷ ಕೇಳದೆ ಉದ್ದಕ್ಕೆ ತೋಡಿಬಿಟ್ಟಿದ್ದೆ. ಕೂರಿಸಬೇಕಾದ ಹೆಣವನ್ನು ಬಿಸಿಲಲ್ಲಿ ಇಟ್ಟುಕೊಂಡು ಒಬ್ಬ ಮುದುಕಿ ಕಾಯಬೇಕಾಯಿತು. ಇವರು ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. ತಂತಮ್ಮದನ್ನು ಹೇಳಿ ಊಟ ಮಾಡಿ ಹೋದರು. ನೀವೂ ಕೇಳಲಿಲ್ಲ, ಪ್ರಭು. ಶಾಲು ತರಿಸಿದವರು ನೀವೇ."

ಮಂತ್ರಿ ಕತ್ತಿಯ ಒರೆಗೆ ಕೈ ಹಾಕಿದ. ಅರಸ ಅವನನ್ನು ತಡೆದ.

"ಉತ್ತರ ಸರಿ," ಎಂದ. "ನನ್ನ ಮೇಲಿನ ಮಾತೂ ಸರಿ. ಸಂತೆಬೀದಿ ಉಳಿಯಿತು. ಅರ್ಧ ರಾಜ್ಯ ನಿನ್ನದು."

"ಅಷ್ಟು ನೆಲ ನನಗೇಕೆ. ಬೀದಿಯ ಹಿಂದಿನ ಬಯಲನ್ನು ಬರೆದುಕೊಡಿ. ಯಾರೂ ನಮ್ಮವರೆನ್ನದವರಿಗೆ ಅದು ಇರಲಿ. ನಿಮ್ಮ ಮಗನೂ ಅಲ್ಲೇ ಇದ್ದಾನೆ. ಇವರ ತಲೆ ಬೇಡ, ಕೈ ಬೇಕು. ಒಬ್ಬೊಬ್ಬರೂ ಇನ್ನೊಬ್ಬರ ಕಡೆಯವರ ಅಳತೆಗೆ ಒಂದೊಂದು ಕುಣಿ ತೋಡಲಿ."

ಬಯಲು ಅವನ ಹೆಸರಿಗಾಯಿತು. ಆ ಮಧ್ಯಾಹ್ನವೇ ಮೂವರೂ ಗುದ್ದಲಿ ಹಿಡಿದರು. ಅರಸ ಮಗನ ಮಣ್ಣಿನ ಬಳಿ ಬರಿಗಾಲಲ್ಲಿ ಕುಳಿತಿದ್ದ. ಮೌಲವಿಗಳ ಕಡೆಯವರಿಗೆ ತೋಡುತ್ತಿದ್ದ ಸ್ವಾಮಿಗಳು ಬೆವರು ಒರೆಸಿಕೊಂಡು, ಅವರನ್ನು ಏನೂ ಕೇಳದೆ, ಮುಗಿಯಿತೆಂದು ಗುದ್ದಲಿ ಕೆಳಗಿಟ್ಟರು. ಸಣ್ಣೀರ ಕುಣಿಗೆ ಇಳಿದು ಗೇಣು ಹಾಕಿ ಅಳೆದ.

"ಇದರಲ್ಲಿ ಅವರ ಕಡೆಯ ಮನುಷ್ಯ ಹಿಡಿಸುವುದಿಲ್ಲ, ಸ್ವಾಮಿಗಳೇ," ಎಂದ. "ಅವರನ್ನು ಕೇಳಿ, ಮತ್ತೆ ತೋಡಿ."