ಖಾಲಿ ಜಾಗದ ಮೀನು

“ನನ್ನ ಜಾಗ ಖಾಲಿ ಬಿಡಬೇಡಿ.”

ಜಟ್ಟಪ್ಪನ ಹೆಂಡತಿ ಮಾದೇವಿ ಕಡೆಯದಾಗಿ ಆಡಿದ ಮಾತು ಇದು. ಅವಳು ಹೋದ ಮೇಲೆ ಜಟ್ಟಪ್ಪ ಆ ಮಾತನ್ನು ಒಂದು ದಿನವೂ ಮೀರಲಿಲ್ಲ. ಅವಳು ಉಣ್ಣಲು ಕೂರುತ್ತಿದ್ದಲ್ಲಿ ಅವಳ ತಟ್ಟೆ ಇಟ್ಟು, ಮೊದಲು ಅದಕ್ಕೆ ಬಡಿಸಿ, ಆಮೇಲೆ ತಾನು ಉಣ್ಣುತ್ತಿದ್ದ. ಒಮ್ಮೆ ಮಗಳು ಬಂದಾಗ ಮೊಮ್ಮಗಳು ಆ ತಟ್ಟೆಯ ಮುಂದೆ ಕೂತಳು. ಜಟ್ಟಪ್ಪ ಅವಳ ರಟ್ಟೆ ಹಿಡಿದು ಎಬ್ಬಿಸಿದ. ಮಗು ಅತ್ತಿತು. ಆಮೇಲೆ ಮಗಳು ಬರಲಿಲ್ಲ. ಅಕ್ಕಪಕ್ಕದವರೂ ಬರುವುದು ಬಿಟ್ಟರು.

ಒಂದು ಸಂಜೆ ಅವನು ಗುರುಗಳ ಬಳಿ ಹೋಗಿ ಕೂತು, ಇದನ್ನೆಲ್ಲ ಹೇಳಿ ಕೇಳಿದ.

“ಗುರುಗಳೇ, ಅವಳು ಹೇಳಿದ ಹಾಗೇ ನಡೆದುಕೊಂಡೆ. ದಿನಾ ಅವಳ ತಟ್ಟೆಗೆ ಬಡಿಸುತ್ತೇನೆ. ಆದರೂ ಮನೆ ಬಿಕೋ ಅನ್ನುತ್ತದೆ. ಯಾಕೆ?”

ಗುರುಗಳು ಒಂದು ಕತೆ ಹೇಳಿದರು.

ಕಡಲ ದಂಡೆಯಲ್ಲಿ ದೋಣಿ ಕಟ್ಟುವ ಬಡಗಿಯೊಬ್ಬನಿದ್ದ. ಅವನ ಜಗಲಿಯಲ್ಲಿ ಒಂದು ಗಾಜಿನ ತೊಟ್ಟಿ. ಕೊಡದಲ್ಲಿ ಕಡಲ ನೀರು ಹೊತ್ತು ತಂದು ಅದಕ್ಕೆ ತುಂಬುತ್ತಿದ್ದ. ಬಲೆಗೆ ಬಿದ್ದು ಮಾರಾಟಕ್ಕೆ ಬಾರದ ಚಿಕ್ಕ ಮೀನುಗಳನ್ನು ಬಲೆಗಾರರು ಅವನಿಗೆ ಕೊಡುತ್ತಿದ್ದರು. ಪಟ್ಟೆಯದು, ಚುಕ್ಕೆಯದು, ಕಲ್ಲಿನ ಸಂದಿ ಬಿಟ್ಟು ಬಾರದ ಕರಿಯದು. ಒಂದೊಂದು ಒಂದೊಂದು ಜಾತಿ. ಆದರೂ ಹೊಂದಿಕೊಂಡಿದ್ದವು. ಸಂಜೆ ಬೀದಿಯವರು ಬಂದು ನೋಡುತ್ತಾ ಕೂರುತ್ತಿದ್ದರು.

ಅವುಗಳಲ್ಲಿ ಅರಿಸಿನ ಬಣ್ಣದ್ದೊಂದಿತ್ತು. ಬಡಗಿ ನೀರಿಗೆ ಬೆರಳಿಟ್ಟರೆ ಮೊದಲು ಬರುವುದು ಅದೇ. ಒಂದು ದಿನ ಅದು ಸತ್ತಿತು.

ಉಳಿದವು ಈಜುತ್ತಲೇ ಇದ್ದವು. ಬಡಗಿಗೆ ಅವು ಕಾಣಲಿಲ್ಲ. ಅದು ಇರುತ್ತಿದ್ದ ಜಾಗ ಮಾತ್ರ ಕಾಣುತ್ತಿತ್ತು. ಆ ಜಾಗಕ್ಕೆ ಇನ್ನೊಂದು ಬೇಕು ಎಂದು ಬಲೆಗಾರನ ಬಳಿ ಹೋದ. ಬಲೆಗಾರನ ಬಕೆಟ್ಟಿನಲ್ಲಿ ಮುರು ಮೀನಿನ ಮರಿಯೊಂದಿತ್ತು. ಅಂಗೈಯಷ್ಟು. ಬಡಗಿ ಬಗ್ಗಿದಾಗ ಅದು ಅವನ ಮುಖವನ್ನೇ ನೋಡಿತು. ಇದನ್ನೇ ಕೊಡು ಎಂದ.

“ಬೇಟೆಯ ಮೀನು ಮಾರಾಯಾ ಇದು. ಬಾಯಿ ನೋಡಿದೆಯಾ? ಕಡಲಲ್ಲಿ ಇದಕ್ಕೆ ನೆಂಟರಿಲ್ಲ.”

“ಹೊಟ್ಟೆ ತುಂಬ ಹಾಕಿದರೆ ಬೇರೆಯವುಗಳ ತಂಟೆಗೆ ಯಾಕೆ ಹೋಗುತ್ತದೆ?”

ಬಲೆಗಾರ ನಕ್ಕ. “ಹಾಕು, ಹಾಕು. ಹೊಟ್ಟೆ ತುಂಬುತ್ತದೆ, ಬಾಯಿ ಬೆಳೆಯುವುದಿಲ್ಲ ಅಂದುಕೋ.”

ಬಡಗಿ ಸಾರಿಗೆಂದು ತಂದ ಸಿಗಡಿಯನ್ನು ಸುಲಿದು ಅದಕ್ಕೇ ಹಾಕಿದ. ಅದು ಅವನ ಕೈಯಿಂದಲೇ ತಿಂದಿತು. ಬೇರೆ ಯಾವ ಮೀನನ್ನೂ ಮುಟ್ಟಲಿಲ್ಲ. ನೋಡಿದಿರಾ ಎಂದು ಬಂದವರಿಗೆಲ್ಲ ತೋರಿಸಿದ. ಮೀನು ಬೆಳೆಯಿತು. ಬಾಯಿಯೂ ಬೆಳೆಯಿತು.

ಚಿಕ್ಕವು ಕಲ್ಲಿನ ಹಿಂದೆ ಸೇರಿಕೊಂಡವು. ತಿನ್ನಲು ಹಾಕಿದರೂ ಮೇಲೆ ಬರಲಿಲ್ಲ. ತನ್ನ ಮೇಲೆ ಮುನಿಸಿರಬೇಕು ಎಂದುಕೊಂಡ ಬಡಗಿ. ಒಂದು ಬೆಳಿಗ್ಗೆ ಪಟ್ಟೆಯದು ಇರಲಿಲ್ಲ. ಹೊರಗೆ ಹಾರಿ ಬಿದ್ದಿರಬೇಕು ಎಂದು ಮಂಡಿಯೂರಿ ಜಗಲಿಯೆಲ್ಲ ಹುಡುಕಿದ. ಆಮೇಲೆ ಚುಕ್ಕೆಯದು ಇರಲಿಲ್ಲ. ಬೆಕ್ಕಿನ ಮೇಲೆ ಅನುಮಾನಪಟ್ಟು ತೊಟ್ಟಿಗೆ ಹಲಗೆ ಮುಚ್ಚಿದ. ಹಲಗೆಯ ಕೆಳಗೂ ಮೀನುಗಳು ಕಡಿಮೆಯಾಗುತ್ತಾ ಬಂದವು. ಮುರು ಮಾತ್ರ ಗಾಜಿನ ಹತ್ತಿರ ಬಂದು ಅವನನ್ನೇ ನೋಡುತ್ತಿತ್ತು. ತನ್ನನ್ನು ಅಷ್ಟು ನಂಬಿ ನೋಡುವುದರ ಬಾಯಿಯನ್ನು ಅವನು ನೋಡಲಿಲ್ಲ.

ಕಡೆಗೆ ಕರಿಯದೂ ಹೋಯಿತು. ಅದು ಸಂದಿ ಬಿಟ್ಟು ಬಂದದ್ದು ಅದೊಂದೇ ಸಲವಿರಬೇಕು, ಹಸಿವು ತಾಳದೆ. ತೊಟ್ಟಿಯಲ್ಲಿ ಒಂದೇ ಮೀನು ಉಳಿಯಿತು. ತಿರುಗಲು ನೀರು ಸಾಲದಷ್ಟು ದೊಡ್ಡದು. ಬೀದಿಯವರು ಬರುವುದು ನಿಂತಿತು. ಬಡಗಿ ಒಬ್ಬನೇ ಕೂತು ಸಿಗಡಿ ಸುಲಿಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಜಟ್ಟಪ್ಪ ಕಾದ. ಅವರು ಮುಂದೆ ಹೇಳಲಿಲ್ಲ.

“ಅದನ್ನು ಅವನು ಕಡಲಿಗೆ ಬಿಡಲಿಲ್ಲವೇ?”

“ಬಿಟ್ಟರೆ ಜಾಗ ಖಾಲಿಯಾಗುತ್ತದಲ್ಲ ಎಂದನಂತೆ.”

ಜಟ್ಟಪ್ಪನಿಗೆ ಸಿಟ್ಟು ಬಂತು. “ಎಂಥ ದಡ್ಡ. ಅಷ್ಟೂ ಜೀವ ನುಂಗಿದ್ದಕ್ಕೆ ಮತ್ತೆ ಬಡಿಸುತ್ತಾ ಕೂತನೇ?”

“ನೀನು ದಿನಾ ಬಡಿಸುವ ತಟ್ಟೆಯಲ್ಲಿ ಉಣ್ಣುತ್ತಿರುವುದು ಯಾರು, ಜಟ್ಟಪ್ಪ?”

ಜಟ್ಟಪ್ಪ ಕತ್ತಲಾದ ಮೇಲೆ ಎದ್ದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನು ಆ ತಟ್ಟೆ ತೊಳೆದ. ಅಂಚಿನಲ್ಲಿ ಕೊರೆಸಿದ್ದ ಮಾದೇವಿಯ ಹೆಸರು ಬೆರಳಿಗೆ ಸಿಕ್ಕಿತು. ಆಮೇಲೆ ತಟ್ಟೆಯನ್ನು ಒರೆಸಿ, ಚೀಲಕ್ಕೆ ಹಾಕಿಕೊಂಡು, ಮೊಮ್ಮಗಳ ಊರಿನ ದಾರಿ ಹಿಡಿದ.