ಹಟ್ಟಿಯ ಮಕ್ಕಳು ಬಾಯಿ ಬಿಡಲಿಲ್ಲ

“ಗುರುಗಳೇ, ಊರಿನ ಮಕ್ಕಳು ಹುಟ್ಟುತ್ತಲೇ ಚುರುಕು, ಹಟ್ಟಿಯ ಮಕ್ಕಳು ಹುಟ್ಟುತ್ತಲೇ ಮಂದ. ದೇವರು ಹೀಗೇಕೆ ಭೇದ ಮಾಡಿದ?” ಎಂದು ಶಿಷ್ಯ ಕೇಳಿದ.

ಎಳೆಯ ಮಕ್ಕಳಿಗೆ ಮಠದಲ್ಲಿ ಅಕ್ಷರ ಹೇಳಿಕೊಡುವ ಏರ್ಪಾಡು ನಡೆದಿತ್ತು. ಯಾರನ್ನು ಕರೆಯಬಹುದೆಂದು ನೋಡಿ ಬರಲು ಗುರುಗಳು ಅವನನ್ನೇ ಕಳಿಸಿದ್ದರು. ಊರಿನವರನ್ನು ಕರೆಯೋಣ, ಕುರಿಗಾಹಿಗಳ ಹಟ್ಟಿಯವರನ್ನು ಬಿಟ್ಟುಬಿಡೋಣ ಎಂದು ತೀರ್ಮಾನಿಸಿಯೇ ಅವನು ಮರಳಿದ್ದ. ಗುರುಗಳು ಕತೆ ಹೇಳತೊಡಗಿದರು.

ಒಬ್ಬ ಅರಸನ ಬಳಿ ಒಬ್ಬ ಪಂಡಿತನಿದ್ದ. ತನ್ನ ನ್ಯಾಯಬುದ್ಧಿಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. ನಾಡಿನ ಪುಟ್ಟ ಮಕ್ಕಳ ಬುದ್ಧಿ ಎಲ್ಲೆಲ್ಲಿ ಹೇಗೆ ಬೆಳೆಯುತ್ತಿದೆ, ಅಳೆದು ಬಾ; ಚುರುಕಾಗಿರುವ ಕಡೆ ಅಕ್ಷರ ಕಲಿಸುವ ಓಜರನ್ನು ಕಳಿಸುತ್ತೇನೆ ಎಂದ ಅರಸ. ಪಂಡಿತ ಒಂದು ಮಣ್ಣಿನ ಹಕ್ಕಿ, ಒಂದು ಹಿಡಿ ಬಣ್ಣದ ಮಣಿ ಜೋಳಿಗೆಗೆ ಹಾಕಿಕೊಂಡು ಹೊರಟ. ಎಲ್ಲ ಮಕ್ಕಳಿಗೂ ಅದೇ ಹಕ್ಕಿ, ಅದೇ ಮಣಿ, ಅದೇ ಪ್ರಶ್ನೆ. ಕೂದಲೆಳೆಯಷ್ಟೂ ಪಕ್ಷಪಾತವಿಲ್ಲ.

ಪೇಟೆಯಲ್ಲಿ ವರ್ತಕನ ಮನೆಯ ಜಗುಲಿಯ ಮೇಲೆ ಕೂತು, ಪಾನಕ ಕುಡಿದು, ಹಕ್ಕಿಯನ್ನು ತೋರಿಸಿದ. ಮಕ್ಕಳು ಮುಗಿಬಿದ್ದರು. ಕೆಂಪು ಮಣಿ, ಹಳದಿ ಮಣಿ ಬೇರೆ ಮಾಡಿದರು. ಈ ಹಕ್ಕಿ ಯಾಕೆ ಹಾರುವುದಿಲ್ಲ ಎಂದು ಅವನನ್ನೇ ಕೇಳಿದರು. ಪಂಡಿತನಿಗೆ ಖುಷಿಯೋ ಖುಷಿ.

ಅಲ್ಲಿಂದ ಕುರಿಗಾಹಿಗಳ ಹಟ್ಟಿಗೆ ಹೋದ. ಒಬ್ಬ ತಾಯಿ ಓಡಿ ಬಂದು ನೀರಿನ ಚೆಂಬು ಮುಂದೆ ಹಿಡಿದಳು. ಅಲ್ಲಿ ನೀರು ಮುಟ್ಟಿದರೆ ಅವನ ಮಡಿ ಏನಾಗಬೇಕು? ಕೈ ಅಡ್ಡ ಮಾಡಿ, ನಿಂತ ಕಾಲಲ್ಲೇ ಹಕ್ಕಿ ತೆಗೆದು, “ಇದೇನು, ಹೇಳಿ” ಎಂದ. ಮಕ್ಕಳು ಪಿಳಿಪಿಳಿ ನೋಡಿದವು. ಮಣಿ ಕೊಟ್ಟರೆ ಕೈ ಚಾಚಲಿಲ್ಲ. ಒಬ್ಬ ಹುಡುಗಿಯಂತೂ ಹಕ್ಕಿಯನ್ನೇ ನೋಡುತ್ತ, ತುಟಿ ಕಚ್ಚಿಕೊಂಡು ನಿಂತಳು. ಪಾಪ, ಹುಟ್ಟಿನಿಂದಲೇ ಮಂದ ಎಂದು ಮರುಗಿ ಪಂಡಿತ ಮರಳಿದ. ಪೇಟೆಗೆ ಓಜರು ಬಂದರು. ಹಟ್ಟಿಗೆ ಯಾರೂ ಬರಲಿಲ್ಲ.

ಕೆಲವು ವರ್ಷ ಕಳೆದವು. ಒಂದು ಬೇಸಗೆಯಲ್ಲಿ ಪಂಡಿತ ಅದೇ ದಾರಿಯಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದ. ಕಣ್ಣು ಬಿಟ್ಟಾಗ ಹಟ್ಟಿಯಲ್ಲಿದ್ದ. ಅದೇ ತಾಯಿ ಮಜ್ಜಿಗೆ ಹಿಡಿದಿದ್ದಳು. ಮಡಿ ಗಿಡಿ ಎಲ್ಲ ಮರೆತು ಗಟಗಟನೆ ಕುಡಿದ. ಬಟ್ಟಲು ಕೆಳಗಿಟ್ಟನೋ ಇಲ್ಲವೋ, ಸುತ್ತ ನಿಂತಿದ್ದ ಪುಟಾಣಿಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟವು. ಯಾವ ಮರಿ ಯಾವ ಕುರಿಯದು, ಯಾವುದಕ್ಕೆ ಕಾಲು ನೋವು, ಯಾವುದು ತಂಟೆಕೋರ, ಹೇಳಿದ್ದೇ ಹೇಳಿದ್ದು.

“ಹಿಂದೆ ಬಂದಾಗ ಇಲ್ಲಿನ ಮಕ್ಕಳು ಮಾತೇ ಆಡಲಿಲ್ಲವಲ್ಲ, ತಾಯಿ?” ಎಂದ ಪಂಡಿತ.

“ಅವತ್ತು ನೀವು ನೀರು ಮುಟ್ಟಲಿಲ್ವಲ್ಲ ಬುದ್ಧಿ. ಬಂದವರು ಬಾಯಿ ತೇವ ಮಾಡ್ಕೊಳ್ಳೋ ತನಕ ಮಕ್ಕಳು ಮಾತಾಡಬಾರ್ದು, ಕೈ ಚಾಚಬಾರ್ದು. ನಮ್ಮಲ್ಲಿ ಹಾಗೇ ಕಲಿಸೋದು. ನನ್ನ ಮಗಳು ಆ ಹಕ್ಕಿ ಹೆಸರು ಹೇಳಬೇಕಿತ್ತು ಅಂತ ನೀವು ಹೋದ ಮೇಲೆ ಅತ್ತಿದ್ದೇ ಅತ್ತಿದ್ದು.” ಆಕೆ ಅಳುಕುತ್ತ ಕೇಳಿದಳು: “ಅವತ್ತು ಮಕ್ಕಳಿಂದ ಏನಾದ್ರೂ ತಪ್ಪಾಯ್ತಾ?”

ಪಂಡಿತನಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಆ ಮಗಳು ಈಗ ಬೆಳೆದಿದ್ದಳು, ಆಚೆ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಅವಳನ್ನು ಕೂಗಿ ಕರೆಯೋಣವೆಂದರೆ ಅವನಿಗೆ ಮುಖವಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. “ಅವನು ಹೋಗಿ ಅರಸನಿಗೆ ನಿಜ ಹೇಳಿದನೇ?” ಎಂದು ಶಿಷ್ಯ ತಗ್ಗಿದ ದನಿಯಲ್ಲಿ ಕೇಳಿದ.

“ನಿನ್ನೆ ಹಟ್ಟಿಯವರು ನಿನಗೆ ಕುಡಿಯಲು ಏನು ಕೊಟ್ಟರು?” ಎಂದರು ಗುರುಗಳು.

ಶಿಷ್ಯ ತಲೆ ತಗ್ಗಿಸಿದ. ಅವರು ಮುಂದೆ ಹಿಡಿದ ಚೆಂಬಿನೊಳಗೆ ಏನಿತ್ತೆಂದು ಅವನು ನೋಡಿಯೇ ಇರಲಿಲ್ಲ.