ಒಲೆಯ ಮುಂದಿನ ಎರಡು ಮಾತು

ಗುರುಬಸವನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಮುನಿಸಿಕೊಂಡವರ ಜೊತೆ ಸೇರಿ ಕೆಲಸ ಮಾಡುವುದಕ್ಕಿಂತ ಒಬ್ಬನೇ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ ಗುರುಗಳೇ? ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಯಾರಿಗೂ ನೋವಿಲ್ಲ."

ಮಠದ ಅಡುಗೆಮನೆಯಲ್ಲಿ ಗುರುಬಸವ ಮತ್ತು ಮರಿಸ್ವಾಮಿ ದಿನಾ ಜೊತೆಯಲ್ಲಿ ಮುದ್ದೆ ತಿರುವುತ್ತಿದ್ದರು. ಒಬ್ಬ ಪಾತ್ರೆ ಹಿಡಿಯಬೇಕು, ಇನ್ನೊಬ್ಬ ಕೋಲು ಹಾಕಬೇಕು. ಯುಗಾದಿಯಿಂದ ಇಬ್ಬರಿಗೂ ಮಾತಿರಲಿಲ್ಲ. ಪಾಳಿ ಬೇರೆ ಮಾಡಿಕೊಡಿ ಎಂದು ಕೇಳಲು ಗುರುಬಸವ ಬಂದಿದ್ದಾನೆಂದು ಗುರುಗಳಿಗೆ ಗೊತ್ತಿತ್ತು.

"ಕೂತುಕೋ" ಎಂದರು. "ಹೆಂಡದ ಕತೆ ಹೇಳುತ್ತೇನೆ. ಮಠದಲ್ಲಿ ಹೆಂಡದ ಮಾತೇ ಎಂದು ಮುಖ ಸಿಂಡರಿಸಬೇಡ. ನಿನಗೇನೂ ಕುಡಿಸುವುದಿಲ್ಲ."

ಗುರುಗಳು ಹೇಳಿದ ಕತೆ ಇದು.

ಒಂದೂರಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣ ಹೊಲ ನೋಡಿಕೊಂಡಿದ್ದ. ತಮ್ಮ ಮೋಟರು ರಿಪೇರಿ ಮಾಡುತ್ತಿದ್ದ. ಕೆಟ್ಟ ಪಂಪು ಅವನ ಕೈಗೆ ಬಂದರೆ ತಿರುಗಿಯೇ ವಾಪಸ್ಸು ಹೋಗುತ್ತಿತ್ತು. ಮನೆಗಳು ಬೇರೆಯಾಗಿದ್ದವು. ಆದರೆ ಮಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಮಾತ್ರ ಒಂದೇ ಕಡೆ, ತಮ್ಮನ ಮನೆಯಲ್ಲಿ. ಆ ಎಡೆಗೆ ರಾಗಿ ಹೆಂಡ ಇರಲೇಬೇಕು. ಅಂಗಡಿಯಿಂದ ತರುವಂತಿಲ್ಲ, ಮಕ್ಕಳೇ ಕೈಯಾರೆ ಮಾಡಬೇಕು. ಅವರ ಮನೆತನದ ಪದ್ಧತಿ ಅದು, ನಾನೇನು ಮಾಡಲಿ.

ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯನ್ನು ಹಂಡೆಯ ನೀರಿಗೆ ಬೆರೆಸಿ, ಅರ್ಧ ದಿನ ಒಂದೇ ಕಾವಿನಲ್ಲಿಟ್ಟು ತಿರುವುತ್ತಿರಬೇಕು. ಕೈ ನಿಂತರೆ ತಳ ಹಿಡಿಯುತ್ತದೆ. ಕಾವು ಏರಿದರೆ ಬರೀ ಅಂಬಲಿ, ಇಳಿದರೆ ಹುಳಿ. ಆಮೇಲೆ ಆರಿಸಿ, ಮಡಕೆಗೆ ತುಂಬಿ, ಬಾಯಿ ಕಟ್ಟಿಟ್ಟರೆ ಎಡೆಯ ಹೊತ್ತಿಗೆ ಹೆಂಡವಾಗುತ್ತದೆ. ತಿರುವುವ ಹುಟ್ಟು ತಮ್ಮನ ಕೈಯಲ್ಲಿ, ಒಲೆ ಅಣ್ಣನ ಕೈಯಲ್ಲಿ. ಕಾವು ತಿಳಿಯುವುದು ಹುಟ್ಟು ಹಿಡಿದವನಿಗೆ. ಅವನು "ಎಳಿಯಣ್ಣ" ಎಂದರೆ ಅಣ್ಣ ಕಟ್ಟಿಗೆ ಹೊರಗೆಳೆಯುವನು. "ನೂಕಣ್ಣ" ಎಂದರೆ ಒಳಗೆ ನೂಕುವನು. ಕಟ್ಟಿಗೆಯೂ ಅಣ್ಣನದೇ. ಪ್ರತಿ ವರ್ಷ ಒಂದು ಹೊರೆ ಜಾಲಿ ಕಟ್ಟಿಗೆ ಹೊತ್ತು ತರುತ್ತಿದ್ದ.

ಹೀಗಿರುವಾಗ ಅವರಪ್ಪ ತೀರಿಕೊಂಡ. ತಮ್ಮ ಕೆಲಸದ ಮೇಲೆ ದೂರದ ಊರಿಗೆ ಹೋಗಿದ್ದ. ಬರುತ್ತಿದ್ದೇನೆ ಎಂದು ಹೇಳಿ ಕಳಿಸಿದ್ದ. ಅಣ್ಣ ಕಾಯಲಿಲ್ಲ, ಮಣ್ಣು ಮಾಡಿಬಿಟ್ಟ. ತಮ್ಮ ಬಸ್ಸಿಳಿದು ಓಡಿ ಬರುವಷ್ಟರಲ್ಲಿ ಗುಂಡಿ ಮುಚ್ಚಿತ್ತು. ಅಪ್ಪನ ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಯಾಕೆ ಕಾಯಲಿಲ್ಲ ಎಂದು ಅಲ್ಲೇ, ಊರವರ ಮುಂದೆ ಕೇಳಿದ. ಅಣ್ಣ ತಲೆ ತಗ್ಗಿಸಿದ. ಅಷ್ಟು ಜನರ ಎದುರು ಅವನಿಗೆ ಬಾಯಿ ಬರಲಿಲ್ಲ. ಅಲ್ಲಿಗೆ ಮಾತು ನಿಂತಿತು.

ಆದರೆ ಎಡೆ ಬಿಡುವಂತಿಲ್ಲವಲ್ಲ. ಮಾಲಯಕ್ಕೆ ಮುಂಚೆ ಅಣ್ಣ ಕಟ್ಟಿಗೆ ಹೊತ್ತು ಬರುವನು, ಒಲೆಯ ಮುಂದೆ ಕೂರುವನು. ತಮ್ಮ ಹುಟ್ಟು ಹಿಡಿದು ನಿಲ್ಲುವನು. "ಎಳಿ." "ನೂಕು." "ಅಣ್ಣ" ಎನ್ನುವುದನ್ನು ತಮ್ಮ ಬಿಟ್ಟಿದ್ದ. ವರ್ಷವಿಡೀ ಅವರ ನಡುವೆ ಉಳಿದದ್ದು ಆ ಎರಡು ಮಾತು.

ತಮ್ಮನಿಗೆ ಅದೂ ಹೆಚ್ಚಾಯಿತು. ತಿರುವಿ ತಿರುವಿ ಕೈ ನೋಯುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ಒಂದು ಯಂತ್ರ ಮಾಡಲು ಕೂತ. ಕೈಗೆ ಏನೂ ಆಗಿರಲಿಲ್ಲ, ಅಣ್ಣನ ಮುಖ ನೋಡುವುದು ಬೇಕಿರಲಿಲ್ಲ. ಹಳೆಯ ಗ್ರೈಂಡರಿನ ಮೋಟರನ್ನು ಹಂಡೆಯ ಮೇಲೆ ಕೂರಿಸಿದ. ಮೊದಲ ಸಲ ಅದು ಓಡಿದ ರಭಸಕ್ಕೆ ಹಿಟ್ಟೆಲ್ಲ ಗೋಡೆಗೆ ಹಾರಿತು. ದೊಡ್ಡ ಚಕ್ರ ಹಾಕಿ, ಬೆಲ್ಟು ಕಟ್ಟಿ, ವೇಗ ಇಳಿಸಿದ. ಹಿಟ್ಟು ಗಟ್ಟಿಯಾದಾಗ ಮೋಟರು ಸುಟ್ಟುಹೋಯಿತು. ಇನ್ನೊಂದಕ್ಕೆ ತಂತಿ ಸುತ್ತಿ ಕೂರಿಸಿದ. ಒಲೆಯ ಬದಲು ಕರೆಂಟಿನ ಕಾಯಿಲ್ ಇಟ್ಟ. ಕಾವು ಅಳೆಯುವ ಕಡ್ಡಿಯನ್ನು ಕಾಯಿಲ್ ಪಕ್ಕ ಇಳಿಬಿಟ್ಟಿದ್ದ. ಅದು ಸುತ್ತಲಿನ ಬಿಸಿಗೆ ಮೋಸ ಹೋಗಿ ಬೇಗ ಬೇಗ ಕರೆಂಟು ಕಡಿಯಿತು. ಅದನ್ನು ಹಂಡೆಯ ನಡುವಿಗೆ ತಂದ. ಕೊನೆಗೆ ಎಲ್ಲ ಸರಿಹೋಯಿತು. ಕಾವು ಏರಿದರೆ ಟಕ್ ಎಂದು ಕರೆಂಟು ನಿಲ್ಲುವುದು, ಇಳಿದರೆ ಟಕ್ ಎಂದು ಬರುವುದು. ಬುದ್ಧಿವಂತ ಕಣಯ್ಯ, ಅದರಲ್ಲಿ ಎರಡು ಮಾತಿಲ್ಲ.

ಆ ವರ್ಷವೂ ಅಣ್ಣ ಕಟ್ಟಿಗೆ ಹೊರೆ ಹೊತ್ತು ಬಂದ. ಒಲೆ ತಣ್ಣಗಿತ್ತು. ಹಂಡೆ ತಾನೇ ತಿರುಗುತ್ತಿತ್ತು.

"ನೀನು ಕೂರೋದು ಬೇಡ" ಎಂದ ತಮ್ಮ. "ಅದೇ ನೋಡ್ಕೊಳ್ಳುತ್ತೆ."

ಅಣ್ಣ ಹೊರೆ ಇಳಿಸಿದ. ಟಕ್ ಎನ್ನುವುದನ್ನು ಕೇಳಿದ. "ಎಳಿ ಅಂತ ಅದಕ್ಕೆ ಯಾರು ಹೇಳ್ತಾರೆ?" ಎಂದು ಕೇಳಿದ.

"ಯಾರೂ ಹೇಳಬೇಕಾಗಿಲ್ಲ."

ಅಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ಕಟ್ಟಿಗೆ ಅಲ್ಲೇ ಉಳಿಯಿತು. ಹೆಂಡ ಹಿಂದೆಂದೂ ಬಾರದಷ್ಟು ಚೆನ್ನಾಗಿ ಬಂತು. ಎಡೆಯ ದಿನ ಕುಡಿದವರೆಲ್ಲ ತಮ್ಮನನ್ನು ಹೊಗಳಿದರು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಅಣ್ಣ ಹೊಲದಲ್ಲೇ ಕುಸಿದು ಸತ್ತ. ತಮ್ಮ ಹೋದ, ಹೆಗಲು ಕೊಟ್ಟ, ಮಣ್ಣು ಹಾಕಿದ. ಎಲ್ಲ ಮುಗಿದ ಮೇಲೆ ಅತ್ತಿಗೆ ಅವನನ್ನು ಕರೆದು ಹೇಳಿದಳು: "ಹೋದ ಮಾಲಯಕ್ಕೆ ಕಟ್ಟಿಗೆ ತಗೊಂಡು ಹೊರಡುವಾಗ ನಿಮ್ಮಣ್ಣ, ಈ ಸಲ ಒಲೆ ಮುಂದೆ ಅವನಿಗೆ ಹೇಳಿಬಿಡ್ತೀನಿ ಅಂದ್ರು. ಮುಖ ನೋಡ್ಕೊಂಡು ಹೇಳೋಕಾಗಲ್ಲ, ಬೆಂಕಿ ನೋಡ್ತಾ ಹೇಳ್ತೀನಿ ಅಂದ್ರು."

"ಏನು ಹೇಳ್ತೀನಿ ಅಂದ?"

"ನನಗೆ ಹೇಳಲಿಲ್ಲ. ಅದು ನಿಮಗೆ ಹೇಳೋದಂತೆ."

ಮುಂದಿನ ಮಾಲಯ ಬಂತು. ಎಡೆಗೆ ಅಪ್ಪನ ಜೊತೆ ಅಣ್ಣನ ಎಲೆಯೂ ಸೇರಿತು. ತಮ್ಮ ಹಂಡೆಗೆ ಹಿಟ್ಟು ಬೆರೆಸಿ ಸ್ವಿಚ್ಚು ಹಾಕಿದ. ಯಂತ್ರ ತಿರುಗಿತು. ಟಕ್ ಎಂದಿತು. ಅವನಿಗೆ ಮಾಡಲು ಏನೂ ಇರಲಿಲ್ಲ, ಸುಮ್ಮನೆ ಕೂತ. ಎರಡನೆಯ ಸಲ ಟಕ್ ಎಂದಾಗ ಅವನಿಗೆ ತಡೆಯಲಾಗಲಿಲ್ಲ. ಎದ್ದು ವೈರು ಕಿತ್ತ, ಮೋಟರು ಬಿಚ್ಚಿದ, ಹಂಡೆಯನ್ನು ಹಳೆಯ ಒಲೆಗೆ ಏರಿಸಿದ. ಮೂಲೆಯಲ್ಲಿ ಅಣ್ಣ ಬಿಟ್ಟುಹೋದ ಹೊರೆ ಹಾಗೇ ಇತ್ತು. ಅದನ್ನು ಬಿಚ್ಚಿ ಉರಿ ಹಚ್ಚಿ, ಹುಟ್ಟು ಹಿಡಿದು ನಿಂತ.

ಜಾಲಿ ಕಟ್ಟಿಗೆ, ಉರಿ ಜೋರು. ಕಾವು ಏರಿತು. ಹುಟ್ಟು ಭಾರವಾಯಿತು.

"ಎಳಿಯಣ್ಣ" ಎಂದ.

ಕಟ್ಟಿಗೆ ಉರಿಯುತ್ತಲೇ ಇತ್ತು. ಇನ್ನೊಮ್ಮೆ ಅಂದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಹತ್ತಿರ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ತಳ ಹಿಡಿಯಿತು. ಸೀದ ವಾಸನೆ ಬೀದಿಗೆ ಬಂತು. ಆ ಸೀದದ್ದನ್ನೇ ಆರಿಸಿ, ಮಡಕೆಗೆ ತುಂಬಿಟ್ಟು, ಎಡೆಯ ದಿನ ಅಪ್ಪನಿಗೂ ಅಣ್ಣನಿಗೂ ಇಟ್ಟ. ಆ ವರ್ಷ ಅದನ್ನು ಯಾರೂ ಕುಡಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಬಗ್ಗಿ ತಾನೇ ಎಳೆಯಬಹುದಿತ್ತಲ್ಲ ಗುರುಗಳೇ?" ಎಂದ ಗುರುಬಸವ.

"ಎಳೆಯಬಹುದಿತ್ತು. ಅವನು ಕಾಯುತ್ತಾ ನಿಂತಿದ್ದ."

ಅಡುಗೆಮನೆಯಿಂದ ಪಾತ್ರೆ ಇಟ್ಟ ಸದ್ದು ಬಂತು. ಮರಿಸ್ವಾಮಿ ನೀರು ಕಾಯಲು ಇಟ್ಟಿದ್ದ. ಗುರುಬಸವ ಅತ್ತ ನೋಡಿ, ಮತ್ತೆ ಇತ್ತ ತಿರುಗಿ ಕೇಳಿದ: "ಅಷ್ಟಕ್ಕೂ ಅಣ್ಣ ಹೇಳಬೇಕೆಂದಿದ್ದದ್ದು ಏನು?"

"ನನಗೇನು ಗೊತ್ತಯ್ಯ? ಮರಿಸ್ವಾಮಿ ನಿನಗೆ ಹೇಳಬೇಕೆಂದಿರುವುದು ಏನೆಂದೂ ನನಗೆ ಗೊತ್ತಿಲ್ಲ" ಎಂದರು ಗುರುಗಳು.